ಬಡ ಜಿಲ್ಲೆಯಲ್ಲಿ ಹಸುಳೆಗಳ ಆಸ್ಪತ್ರೆ

ಹುಟ್ಟುವಾಗ ಒಂದೂಕಾಲು ಕಿಲೋಗ್ರಾಂ ಮಾತ್ರ ತೂಗುವ ಹಸುಳೆಯನ್ನು ನಿಮ್ಮಲ್ಲಿ ಬಹುಮಂದಿ ಕಂಡಿರಲಾರಿರಿ. ಒಂದು ಕಿಲೋ ಸಕ್ಕರೆಯ ಪೊಟ್ಟಣಕ್ಕೆ ನಾಲ್ಕಾರು ಹಿಡಿ ಸೇರಿಸಿದಷ್ಟೇ ಅದರ ಭಾರ. ಚರ್ಮ ಅದೆಷ್ಟು ತೆಳುವೆಂದರೆ ಒಳಗಿನ ರಕ್ತನಾಳಗಳು ನೀಲಿಗೆರೆಗಳಂತೆ ಹೊರಗೆ ತೋರುತ್ತವೆ. ಮೊಲೆಯುಣ್ಣಲು ಬಲವಿಲ್ಲ, ಅಳಬೇಕೆಂದರೆ ದನಿಯಿಲ್ಲ. ಇಂಥ ಕೂಸು ಮುಂಬಯಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಹುಟ್ಟಿದರೆ ಬಹುಮಟ್ಟಿಗೆ ಬದುಕಿಕೊಳ್ಳುತ್ತದೆ. ಅದೇ ಕೂಸು ಕೊಪ್ಪಳದ ಒಂದು ಹಳ್ಳಿಯಲ್ಲಿಯೋ, ಬಂಗಾಳದ ಪುರುಲಿಯಾದಲ್ಲಿಯೋ, ನಮ್ಮ ಮಹಾರಾಷ್ಟ್ರದ್ದೇ ಆದ ಗಡಚಿರೋಲಿಯ ಕಾಡಂಚಿನಲ್ಲಿಯೋ ಹುಟ್ಟಿದರೆ ಏನಾಗುತ್ತದೆ? ಅದನ್ನು ಉಳಿಸುವಂಥ ಚಿಕಿತ್ಸಾ ಘಟಕವೊಂದನ್ನು ಅಲ್ಲಿ ಕಟ್ಟಬೇಕಾದರೆ ಏನೇನು ಬೇಕು? ಈ ಪಾಠದ ವಿಷಯ ಇದೇ.

ಮುಂಬಯಿಯಲ್ಲಿ ಕುಳಿತ ನಮಗೆ ಆ ದೂರದ ಸೀಮೆಗಳ ಚಿಂತೆಯೇಕೆ ಎಂದು ಕೇಳುವವರು ಒಂದು ಸಂಗತಿಯನ್ನು ನೆನೆಯಬೇಕು. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುವುದು ನಮ್ಮವರ ವಾಡಿಕೆ. ಈ ವರ್ಷ ಎಂಟನೆಯ ತರಗತಿಯಲ್ಲಿ ಅವರವರ ಹುಟ್ಟೂರನ್ನು ಕೇಳಿದೆನು. ಸಯನ್, ಧಾರಾವಿ, ಗೋರೆಗಾಂವಗಳಿಗಿಂತ ಸಿಂಧನೂರು, ಕುಷ್ಟಗಿ, ಶಹಾಪುರ, ಇಂಡಿ, ಜತ್ತ ಎಂಬ ಹೆಸರುಗಳೇ ಹೆಚ್ಚಾಗಿ ಕೇಳಿಬಂದವು. ಆದ್ದರಿಂದ ಆ ಜಿಲ್ಲೆಗಳ ಆಸ್ಪತ್ರೆಗಳು ಹೇಗಿವೆ ಎಂಬುದು ನಮಗೆ ಪರರ ಮಾತಲ್ಲ. ನಿಮ್ಮ ಅಕ್ಕಂದಿರೂ ಚಿಕ್ಕಮ್ಮಂದಿರೂ ನಾಳೆ ಹೋಗಿ ಮಲಗುವುದು ಅಲ್ಲಿಯೇ.

ಐದು ವರ್ಷ ತುಂಬುವ ಮೊದಲೇ ತೀರಿಕೊಳ್ಳುವ ಭಾರತದ ಮಕ್ಕಳಲ್ಲಿ ಅರ್ಧಕ್ಕೂ ಮೀರಿದವರು ಹುಟ್ಟಿದ ೨೮ ದಿನಗಳೊಳಗಾಗಿಯೇ ತೀರಿಕೊಳ್ಳುತ್ತಾರೆ. ಅವರಲ್ಲಿಯೂ ಬಹುಪಾಲು ಮೊದಲ ವಾರದಲ್ಲಿ. ದಿನ ತುಂಬುವ ಮುನ್ನ ಹುಟ್ಟುವುದು, ಹುಟ್ಟುವಾಗ ಉಸಿರು ಕಟ್ಟುವುದು, ನಂಜು ತಗಲುವುದು ಇವೇ ಮುಖ್ಯ ಕಾರಣಗಳು. ಹೀಗೆ ಮೊದಲ ೨೮ ದಿನಗಳಲ್ಲಿ ಸಾಯುವ ಕೂಸುಗಳ ಸಂಖ್ಯೆ ೨೦೦೩ರಲ್ಲಿ ಸಾವಿರಕ್ಕೆ ೩೭ ಇದ್ದದ್ದು, ೨೦೨೦ರ ವೇಳೆಗೆ ೨೦ಕ್ಕೆ ಇಳಿಯಿತು. ಇಪ್ಪತ್ತು ಎಂಬುದು ಸಣ್ಣ ಸಂಖ್ಯೆಯೆಂದು ತೋರಿದರೆ, ದೇಶದಲ್ಲಿ ವರ್ಷಕ್ಕೆ ಎರಡು ಕೋಟಿಗೂ ಹೆಚ್ಚು ಕೂಸುಗಳು ಹುಟ್ಟುತ್ತವೆಂಬುದನ್ನು ನೆನೆದು ನೀವೇ ಗುಣಿಸಿ ನೋಡಿರಿ.

ಈಗ ಪುರುಲಿಯಾದ ಮಾತಿಗೆ ಬರೋಣ. ಪಶ್ಚಿಮ ಬಂಗಾಳದ ಪಡುವಣ ಅಂಚಿನಲ್ಲಿರುವ ಈ ಜಿಲ್ಲೆ ಕೆಂಪು ಮಣ್ಣಿನ, ಬರ ಹೆಚ್ಚಿನ, ಬಡ ಸೀಮೆ. ಮುಖವಾಡ ತೊಟ್ಟು ಕುಣಿಯುವ ಛವು ನೃತ್ಯದಿಂದ ಹೊರಗಿನವರಿಗೆ ಅದರ ಹೆಸರು ಗೊತ್ತು. ೧೯೫೬ನೆಯ ನವೆಂಬರ್ ೧ರಂದು, ಎಂದರೆ ಕನ್ನಡ ನಾಡು ಒಂದಾದ ದಿನವೇ, ಇದು ಬಿಹಾರದಿಂದ ಬಂಗಾಳಕ್ಕೆ ಸೇರಿತು. ಹೀಗಾಗಿ ನಮ್ಮ ರಾಜ್ಯೋತ್ಸವದ ದಿನ ಅವರಿಗೂ ನೆನಪಿಡತಕ್ಕ ದಿನವೇ. ಇಲ್ಲಿಯ ಜಿಲ್ಲಾಸ್ಪತ್ರೆಯಲ್ಲಿ ೨೦೦೩ರಲ್ಲಿ, ರಾಜ್ಯ ಸರಕಾರವೂ ಯುನಿಸೆಫ್ ಸಂಸ್ಥೆಯೂ ಕೂಡಿ, ಕೋಲ್ಕತ್ತದ ನವಜಾತ ಶಿಶುತಜ್ಞರಾದ ಡಾ. ಅರುಣ್ ಸಿಂಗ್ ಅವರ ಮಾರ್ಗದರ್ಶನದಲ್ಲಿ, ಕಾಯಿಲೆಯ ಹಸುಳೆಗಳಿಗಾಗಿಯೇ ಒಂದು ಘಟಕವನ್ನು ತೆರೆದರು. ಅದುವರೆಗೆ ಇಂಥ ಚಿಕಿತ್ಸೆ ದೊಡ್ಡ ನಗರಗಳ ವೈದ್ಯಕೀಯ ಕಾಲೇಜುಗಳ ಸೊತ್ತೆಂದೇ ಎಲ್ಲರ ಭಾವನೆಯಾಗಿತ್ತು. ಜಿಲ್ಲೆಯ ಸರಕಾರಿ ಆಸ್ಪತ್ರೆಯಲ್ಲಿಯೂ ಅದು ನಡೆಯಬಲ್ಲುದೆಂಬುದನ್ನು ಪುರುಲಿಯಾ ತೋರಿಸಿಕೊಟ್ಟಿತು. ೨೦೧೧ರಲ್ಲಿ ಕೇಂದ್ರ ಸರಕಾರ ಇಡೀ ದೇಶಕ್ಕೆ ಅನ್ವಯಿಸುವ ಕೈಪಿಡಿಯನ್ನು ಹೊರಡಿಸಿತು. ಹೆರಿಗೆಯಾಗುವ ಪ್ರತಿಯೊಂದು ಆಸ್ಪತ್ರೆಯಲ್ಲಿಯೂ ಹಸುಳೆಗೊಂದು ಬೆಚ್ಚನೆಯ ಮೂಲೆ, ತಾಲ್ಲೂಕಿನ ಮಟ್ಟದಲ್ಲಿ ನಾಲ್ಕು ಹಾಸಿಗೆಗಳ ಚಿಕ್ಕ ಘಟಕ, ಜಿಲ್ಲೆಯಲ್ಲಿ ಕನಿಷ್ಠ ಹನ್ನೆರಡು ಹಾಸಿಗೆಗಳ ದೊಡ್ಡ ಘಟಕ ಎಂಬ ಮೂರು ಮೆಟ್ಟಿಲುಗಳ ಏರ್ಪಾಡು ಅದರಲ್ಲಿದೆ. ಇಂದು ಜಿಲ್ಲಾ ಮಟ್ಟದ ಘಟಕಗಳೇ ಒಂಬೈನೂರಕ್ಕೂ ಮೀರಿವೆ.

ಘಟಕದ ನಕ್ಷೆಯನ್ನು ನೋಡಿದರೆ ಅದು ಹೆರಿಗೆಯ ಕೋಣೆಗೆ ಹತ್ತಿರದಲ್ಲಿರಬೇಕು. ಅದೇ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳಿಗೊಂದು ಕೋಣೆ, ಹೊರಗಿನಿಂದ ಬಂದವಕ್ಕೆ ಇನ್ನೊಂದು. ಬಾಗಿಲಲ್ಲೇ ಕೈತೊಳೆಯುವ ತೊಟ್ಟಿ. ಹಾಲು ಹಿಂಡಿಕೊಡುವುದಕ್ಕೆ ತಾಯಂದಿರಿಗೊಂದು ಮರೆಯ ಸ್ಥಳ. ಇಂಥ ನಕ್ಷೆ ಎಂದಾದರೂ ನಿಮ್ಮ ಕಣ್ಣಿಗೆ ಬಿದ್ದರೆ ಅದರಲ್ಲಿ ಒಂದನ್ನು ಹುಡುಕಿರಿ: ತಾಯಿಯ ಮಂಚ ಎಲ್ಲಿದೆ? ಈ ಪ್ರಶ್ನೆಯನ್ನು ಸದ್ಯಕ್ಕೆ ಮನಸ್ಸಿನಲ್ಲಿಟ್ಟುಕೊಂಡಿರಿ. ಮುಂದೆ ಅದಕ್ಕೆ ಬರುತ್ತೇನೆ.

ಮೊದಲು ಕಾವಿನ ವಿಚಾರ. ಉಷ್ಣವು ವಹನ, ಸಂವಹನ, ವಿಕಿರಣಗಳೆಂಬ ಮೂರು ಬಗೆಗಳಲ್ಲಿ ಸಾಗುತ್ತದೆಂದು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ಆವಿಯಾಗುವಿಕೆಯಿಂದ ತಂಪುಂಟಾಗುವುದನ್ನು ಮಣ್ಣಿನ ಹೂಜಿಯೇ ನಿಮಗೆ ಕಲಿಸಿದೆ. ಆಗತಾನೇ ಹುಟ್ಟಿದ ಕೂಸಿನ ಮೈಮೇಲೆ ಈ ನಾಲ್ಕೂ ಏಕಕಾಲದಲ್ಲಿ ನಡೆಯುತ್ತವೆ. ಒದ್ದೆ ಮೈಯ ನೀರು ಆವಿಯಾಗುತ್ತ ಕಾವನ್ನು ಒಯ್ಯುತ್ತದೆ. ತಕ್ಕಡಿಯ ತಣ್ಣನೆಯ ತಟ್ಟೆ ಒಯ್ಯುತ್ತದೆ. ತಲೆಯ ಮೇಲೆ ತಿರುಗುವ ಪಂಖದ ಗಾಳಿ ಒಯ್ಯುತ್ತದೆ. ಕೂಸನ್ನು ಮುಟ್ಟದೆ ದೂರದಲ್ಲಿ ನಿಂತಿರುವ ತಣ್ಣನೆಯ ಗೋಡೆಯೂ ಒಯ್ಯುತ್ತದೆ. ಮೈ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಹೊರಮೈಯ ವಿಸ್ತಾರ ಹೆಚ್ಚು. ಹಂಡೆಯ ನೀರಿಗಿಂತ ಬಟ್ಟಲಿನ ನೀರು ಬೇಗ ಆರುವುದು ಇದೇ ಕಾರಣದಿಂದ. ನಾವು ಚಳಿಯಾದರೆ ನಡುಗಿ ಬಿಸಿ ಹುಟ್ಟಿಸಿಕೊಳ್ಳುತ್ತೇವೆ; ಎಳೆಗೂಸು ನಡುಗಲಾರದು. ಅದರ ಹೆಗಲು ಬೆನ್ನುಗಳಲ್ಲಿ ಅಡಗಿರುವ ಕಂದುಬಣ್ಣದ ಒಂದು ಬಗೆಯ ಕೊಬ್ಬನ್ನು ಉರಿಸಿ ಕಾವು ಪಡೆಯುತ್ತದೆ. ದಿನ ತುಂಬದೆ ಹುಟ್ಟಿದ ಕೂಸಿಗೆ ಆ ಕೊಬ್ಬೂ ಸಾಲದು. ಕಂಕುಳಲ್ಲಿ ಅಳೆದಾಗ ಕೂಸಿನ ಕಾವು ೩೬.೫ರಿಂದ ೩೭.೫ ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಕ್ಕಿಂತ ಇಳಿದಂತೆಲ್ಲ ರಕ್ತದ ಸಕ್ಕರೆ ಕರಗುತ್ತದೆ, ಉಸಿರು ಸೋಲುತ್ತದೆ. ೩೨ಕ್ಕಿಂತ ಕೆಳಗಿಳಿದರೆ ಪ್ರಾಣಕ್ಕೇ ಸಂಚಕಾರ.

ನಮ್ಮ ಅಜ್ಜಿಯಂದಿರ ಬಾಣಂತಿಕೋಣೆಯ ಪದ್ಧತಿಗಳನ್ನು ಇಂದಿನವರು ಸಾರಾಸಗಟಾಗಿ ಹಳಿಯುವುದುಂಟು. ಗಾಳಿ ನುಗ್ಗದಂತೆ ಕದವಿಕ್ಕುವುದು, ಕುಲಾವಿ ಕಟ್ಟುವುದು, ಕೂಸನ್ನು ತಾಯಿಯ ಮಗ್ಗುಲಲ್ಲೇ ಮಲಗಿಸುವುದು ಇವೆಲ್ಲ ಕಾವನ್ನು ಉಳಿಸುವ ಉಪಾಯಗಳೇ ಆಗಿದ್ದವು. ಆದರೆ ಅಗ್ಗಿಷ್ಟಿಕೆಯ ಹೊಗೆ ಎಳೆಯ ಶ್ವಾಸಕ್ಕೆ ವಿಷ. ಹುಟ್ಟಿದ ಒಡನೆ ಕೂಸಿಗೆ ನೀರೆರೆಯುವ ರೂಢಿಯಂತೂ ತೀರ ಕೆಟ್ಟದ್ದು. ಒಂದು ದಿನವಾದರೂ ಕಳೆಯುವ ತನಕ ಸ್ನಾನ ಬೇಡ, ಒಣಬಟ್ಟೆಯಿಂದ ಒರಸಿದರೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆಯಲ್ಲಿ ಹಿರಿಯರು ಒಪ್ಪಲಿಕ್ಕಿಲ್ಲ. ಆದರೂ ಹೇಳಿ ನೋಡಿರಿ.

ಘಟಕದಲ್ಲಿ ಈ ಕಾವನ್ನು ಒದಗಿಸುವುದು ಮೇಲಿನಿಂದ ಶಾಖ ಸೂಸುವ ಒಂದು ಯಂತ್ರ. ಕೂಸಿನ ಹೊಟ್ಟೆಯ ಮೇಲೆ ಅಂಟಿಸಿದ ಚಿಕ್ಕ ಗುಂಡಿಯೊಂದು ಮೈಯ ಕಾವನ್ನು ಅಳೆಯುತ್ತಲೇ ಇರುತ್ತದೆ. ಅದು ಇಳಿದರೆ ಯಂತ್ರ ತಾನಾಗಿಯೇ ಹೆಚ್ಚು ಕಾಯುತ್ತದೆ, ಏರಿದರೆ ತಣಿಯುತ್ತದೆ. ಆ ಗುಂಡಿ ಕಳಚಿ ಬಿದ್ದರೆ? ಯಂತ್ರ ಹಾಸಿಗೆಯ ಕಾವನ್ನು ಕೂಸಿನ ಕಾವೆಂದು ಬಗೆದು ತಪ್ಪು ಲೆಕ್ಕ ಹಾಕುತ್ತದೆ. ಆದ್ದರಿಂದ ಎಷ್ಟೇ ಜಾಣ ಯಂತ್ರವಾದರೂ ಗಂಟೆಗಂಟೆಗೂ ಬಂದು ಮುಟ್ಟಿ ನೋಡುವ ಒಂದು ಕೈ ಬೇಕು.

ಇಲ್ಲಿಯೇ ಒಂದು ಲೆಕ್ಕವನ್ನು ಮಾಡಿಬಿಡೋಣ. ಕಾವಿನ ಯಂತ್ರ ಒಂದಕ್ಕೆ ಸುಮಾರು ೬೦೦ ವಾಟ್ ವಿದ್ಯುಚ್ಛಕ್ತಿ ಬೇಕೆಂದು ಹಿಡಿದರೆ ಹನ್ನೆರಡಕ್ಕೆ ೭,೨೦೦ ವಾಟ್. ಪ್ರಾಣವಾಯುವನ್ನು ತಯಾರಿಸುವ ಯಂತ್ರಗಳು ನಾಲ್ಕು. ಒಂದಕ್ಕೆ ೩೫೦ರಂತೆ ೧,೪೦೦. ಒಟ್ಟು ೮,೬೦೦ ವಾಟ್. ನಲವತ್ತು ವಾಟ್‌ನ ಟ್ಯೂಬ್‌ಲೈಟುಗಳನ್ನು ಇನ್ನೂರ ಹದಿನೈದು ಏಕಕಾಲಕ್ಕೆ, ಹಗಲಿರುಳೂ ಒಂದು ನಿಮಿಷವೂ ಆರದಂತೆ ಉರಿಸಿದ ಹಾಗಾಯಿತು. ದೀಪಗಳೂ ನೀರೆತ್ತುವ ಪಂಪೂ ಇದರಲ್ಲಿ ಸೇರಿಲ್ಲ. ಮಳೆಗಾಲದ ರಾತ್ರಿ ತಂತಿ ಹರಿದರೆ ತಾಸುಗಟ್ಟಲೆ ಕತ್ತಲೆ ಕವಿಯುವ ಸೀಮೆಯಲ್ಲಿ ಇದನ್ನು ನಡೆಸಬೇಕು. ಕಟ್ಟಡಕ್ಕೆ ದಾನ ಕೊಡುವವರು ದೊರೆಯುತ್ತಾರೆ. ಬಾಗಿಲ ಮೇಲೆ ಅವರ ಹೆಸರಿನ ಕಲ್ಲೂ ಏರುತ್ತದೆ. ಜನರೇಟರಿನ ಡೀಸೆಲ್ಲಿಗೆ ದಾನ ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದ್ದನ್ನು ನಾನಂತೂ ಕಂಡಿಲ್ಲ.

ಪ್ರಾಣವಾಯುವಿನ ವಿಚಾರವೂ ಹೀಗೆಯೇ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ೨೧ ಪಾಲು, ಸಾರಜನಕ ೭೮ ಪಾಲು. ಹಿಂದೆ ಆಮ್ಲಜನಕವನ್ನು ಉಕ್ಕಿನ ಭಾರವಾದ ಸಿಲಿಂಡರುಗಳಲ್ಲಿ ತುಂಬಿಸಿ ದೂರದ ಊರುಗಳಿಂದ ಲಾರಿಯಲ್ಲಿ ತರಬೇಕಾಗಿತ್ತು. ಲಾರಿ ತಡವಾದರೆ ಮುಗಿಯಿತು. ಈಗಿನ ಯಂತ್ರವು ಕೋಣೆಯ ಗಾಳಿಯನ್ನೇ ಒತ್ತಿ, ಜಿಯೊಲೈಟ್ ಎಂಬ ಖನಿಜದ ಹರಳುಗಳ ಮೂಲಕ ಹಾಯಿಸುತ್ತದೆ. ಹರಳುಗಳು ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ತೊಂಬತ್ತಕ್ಕೂ ಹೆಚ್ಚು ಪಾಲು ಶುದ್ಧವಾದ ಆಮ್ಲಜನಕ ಹೊರಬರುತ್ತದೆ. ಪಪುವಾ ನ್ಯೂಗಿನಿ ಎಂಬ ದ್ವೀಪದೇಶದ ಐದು ಆಸ್ಪತ್ರೆಗಳಲ್ಲಿ ಇಂಥ ಯಂತ್ರಗಳನ್ನೂ, ರಕ್ತದ ಆಮ್ಲಜನಕವನ್ನು ಬೆರಳ ತುದಿಯಲ್ಲಿ ಅಳೆಯುವ ಉಪಕರಣಗಳನ್ನೂ ಇಟ್ಟು, ಸಿಬ್ಬಂದಿಗೆ ತರಬೇತಿ ಕೊಟ್ಟಾಗ, ನ್ಯುಮೋನಿಯಾದಿಂದ ಸಾಯುವ ಮಕ್ಕಳ ಪ್ರಮಾಣ ಮೂರರಲ್ಲೊಂದು ಪಾಲಿನಷ್ಟು ಕಡಿಮೆಯಾಯಿತೆಂದು ೨೦೦೮ರಲ್ಲಿ ವರದಿಯಾಗಿದೆ. ಶ್ವಾಸಕೋಶ ಪಕ್ವವಾಗದ ಕೂಸಿಗೆ ಬರಿಯ ಆಮ್ಲಜನಕ ಸಾಲದು, ಉಸಿರು ಹೊರಬಿಟ್ಟಾಗಲೂ ಒಳಗೆ ಕೊಂಚ ಒತ್ತಡ ಉಳಿದಿರಬೇಕು. ಅದಕ್ಕೆ ಮಾಡುವ ಉಪಾಯ ನಿಮ್ಮ ಪ್ರಯೋಗಶಾಲೆಗೆ ತಕ್ಕದ್ದು: ಉಸಿರು ಹೊರಹೋಗುವ ಕೊಳವೆಯ ತುದಿಯನ್ನು ಸೀಸೆಯ ನೀರಿನಲ್ಲಿ ಐದು ಸೆಂಟಿಮೀಟರ್ ಮುಳುಗಿಸಿಡುತ್ತಾರೆ. ಐದು ಸೆಂಟಿಮೀಟರ್ ನೀರಿನ ಒತ್ತಡವೇ ಕೂಸಿನ ಶ್ವಾಸಕೋಶವನ್ನು ಮುದುಡದಂತೆ ತೆರೆದಿಡುತ್ತದೆ. ಸೀಸೆಯಲ್ಲಿ ಗುಳುಗುಳು ಸದ್ದು ಕೇಳುತ್ತಿದ್ದರೆ ಏರ್ಪಾಡು ನಡೆಯುತ್ತಿದೆಯೆಂದು ಅರ್ಥ.

ಅಮೃತವೂ ಮಿತಿಮೀರಿದರೆ ವಿಷವೆಂಬ ಮಾತು ಆಮ್ಲಜನಕಕ್ಕೆ ಅಕ್ಷರಶಃ ಸಲ್ಲುತ್ತದೆ. ೧೯೪೦ರ ದಶಕದಿಂದ ೧೯೫೦ರ ದಶಕದ ನಡುವಣವರೆಗೆ, ಸಿರಿವಂತ ದೇಶಗಳ ಒಳ್ಳೆಯ ಆಸ್ಪತ್ರೆಗಳಲ್ಲಿಯೇ, ದಿನ ತುಂಬದ ಸುಮಾರು ಹತ್ತು ಸಾವಿರ ಮಕ್ಕಳು ಕುರುಡಾದರು. ಅವರನ್ನು ಉಳಿಸಲೆಂದು ಧಾರಾಳವಾಗಿ ಕೊಟ್ಟ ಆಮ್ಲಜನಕವೇ ಕಣ್ಣಿನ ಒಳಪದರದ ರಕ್ತನಾಳಗಳನ್ನು ಕೆಡಿಸಿತ್ತು. ಕೊಡುವ ಉಪಕರಣದ ಜೊತೆಗೆ ಅಳೆಯುವ ಉಪಕರಣವೂ ಇರಲೇಬೇಕೆಂಬ ನಿಯಮ ಇಷ್ಟು ಬೆಲೆ ತೆತ್ತು ಕಲಿತದ್ದು.

ಕಾಮಾಲೆಗೆ ಕೊಡುವ ಬೆಳಕಿನ ಚಿಕಿತ್ಸೆಯ ಕಥೆ ಇದಕ್ಕಿಂತ ಸುಖದ್ದು. ೧೯೫೬ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ರೋಚ್‌ಫರ್ಡ್ ಆಸ್ಪತ್ರೆಯಲ್ಲಿ ಜೀನ್ ವಾರ್ಡ್ ಎಂಬ ದಾದಿ, ಕೂಸುಗಳನ್ನು ಬಿಸಿಲಿಗೆ ಒಯ್ಯುತ್ತಿದ್ದಳು. ಹಾಗೆ ಬಿಸಿಲು ಬಿದ್ದ ಕಡೆ ಕೂಸಿನ ಚರ್ಮದ ಹಳದಿ ಮಾಸುವುದನ್ನೂ, ಬಟ್ಟೆ ಮುಚ್ಚಿದ ಕಡೆ ಹಾಗೆಯೇ ಉಳಿಯುವುದನ್ನೂ ಅವಳು ಗಮನಿಸಿ ವೈದ್ಯರಿಗೆ ತೋರಿಸಿದಳು. ಆ ಒಂದು ನೋಟದಿಂದ ಇಂದಿನ ನೀಲಿದೀಪದ ಚಿಕಿತ್ಸೆ ಬೆಳೆಯಿತು. ಇಷ್ಟರಿಂದ ಯಾರೂ ಕಾಮಾಲೆಯಾದ ಕೂಸನ್ನು ಮನೆಯಂಗಳದ ಬಿಸಿಲಿನಲ್ಲಿ ಮಲಗಿಸಿ ಸುಮ್ಮನಿರಬಾರದು. ದೀಪಕ್ಕೆ ಅಳತೆಯಿದೆ, ಬಿಸಿಲಿಗಿಲ್ಲ.

ಯಂತ್ರಗಳನ್ನು ಕೊಂಡದ್ದಾಯಿತು. ಅವು ಎಷ್ಟು ದಿನ ನಡೆಯುತ್ತವೆ? ಹದಿನಾರು ಬಡದೇಶಗಳ ಆಸ್ಪತ್ರೆಗಳಲ್ಲಿ ಒಂದು ಲಕ್ಷಕ್ಕೂ ಮೀರಿದ ಉಪಕರಣಗಳ ಪಟ್ಟಿಗಳನ್ನು ಪರಿಶೀಲಿಸಿದ ಅಧ್ಯಯನವೊಂದು ೨೦೧೧ರಲ್ಲಿ ಪ್ರಕಟವಾಯಿತು. ನೂರಕ್ಕೆ ೩೮ ಉಪಕರಣಗಳು ಕೆಟ್ಟು ಬಿದ್ದಿದ್ದವು. ಅನೇಕ ಕಡೆ ಕಾರಣ ದೊಡ್ಡದೇನಲ್ಲ. ಒಂದು ಫ್ಯೂಸ್, ಒಂದು ಬಲ್ಬು, ತುಂಡಾದ ಒಂದು ತಂತಿ, ಧೂಳು ಕಟ್ಟಿದ ಜಾಲರಿ. ಅದನ್ನು ಸರಿಪಡಿಸಬಲ್ಲವನು ಮುನ್ನೂರು ಮೈಲಿ ದೂರದ ರಾಜಧಾನಿಯಲ್ಲಿರುತ್ತಾನೆ. ನಮ್ಮ ಶಾಲೆಯಿಂದ ಹೊರಬಿದ್ದು ಐಟಿಐ ಸೇರಿದ ಹುಡುಗರು, ತಮ್ಮ ಕಸುಬು ಡಾಕ್ಟರರ ಕಸುಬಿಗಿಂತ ಕೀಳೆಂದು ನಾಚುವುದನ್ನು ನಾನು ಕಂಡಿದ್ದೇನೆ. ಹೊಟ್ಟೆಗೆ ಅಂಟಿಸುವ ಆ ಚಿಕ್ಕ ಗುಂಡಿಯ ತಂತಿಯನ್ನು ಬೆಸೆಯಬಲ್ಲ ಹುಡುಗ ಜಿಲ್ಲಾಸ್ಪತ್ರೆಯಲ್ಲಿ ಒಬ್ಬನಿದ್ದರೆ ಎಷ್ಟು ಯಂತ್ರಗಳು ಮೂಲೆ ಸೇರುವುದು ತಪ್ಪುತ್ತದೆಂಬುದನ್ನು ಅವರು ಯೋಚಿಸಲಿ.

ಕೈಗಳ ಕೊರತೆ ಯಂತ್ರಗಳ ಕೊರತೆಗಿಂತ ದೊಡ್ಡದು. ಒಬ್ಬ ದಾದಿ ಮೂರು ನಾಲ್ಕು ಕೂಸುಗಳನ್ನು ನೋಡಿಕೊಳ್ಳಬೇಕೆಂದು ಇಟ್ಟುಕೊಂಡರೆ ಹನ್ನೆರಡು ಹಾಸಿಗೆಗೆ ಹೊತ್ತಿಗೆ ಮೂವರು, ದಿನಕ್ಕೆ ಮೂರು ಪಾಳಿಗಳಿಗೆ ಒಂಬತ್ತು ಮಂದಿ. ವಾರದ ಬಿಡುವು, ರಜೆ, ಕಾಯಿಲೆಗಳನ್ನು ಸೇರಿಸಿದರೆ ಹನ್ನೆರಡಕ್ಕೆ ಕಡಿಮೆಯಾಗದು. ಹಳ್ಳಿಗಾಡಿನ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಇರಬೇಕಾದ ತಜ್ಞವೈದ್ಯರಲ್ಲಿ ಐವರಿಗೆ ನಾಲ್ವರಷ್ಟು ಕೊರತೆಯಿದೆಯೆಂದು ೨೦೨೨ರ ಸರಕಾರಿ ಲೆಕ್ಕವೇ ಹೇಳಿತು. ಬಂಗಾಳದ ಮೊದಲ ಘಟಕಗಳವರು ಕಂಡುಕೊಂಡ ದಾರಿ ಇಲ್ಲಿ ಗಮನಾರ್ಹವಾದುದು. ಶಾಲೆಯ ಓದು ಮುಗಿಸಿದ ಅಲ್ಲಿಯವರೇ ಆದ ಹೆಣ್ಣುಮಕ್ಕಳನ್ನು ಆರಿಸಿ, ಘಟಕದಲ್ಲಿಯೇ ತಿಂಗಳುಗಟ್ಟಲೆ ಕೈಹಿಡಿದು ಕಲಿಸಿ, ದಾದಿಯರಿಗೆ ಸಹಾಯಕರನ್ನಾಗಿ ನಿಲ್ಲಿಸಿದರು. ನಗರದಿಂದ ಬಂದವರು ವರ್ಗಾವಣೆಯ ಆದೇಶಕ್ಕೆ ದಾರಿ ನೋಡುತ್ತಾರೆ. ಊರಿನ ಹುಡುಗಿ ಊರಲ್ಲೇ ಇರುತ್ತಾಳೆ, ತಾಯಂದಿರ ಮಾತೂ ಅವಳಿಗೆ ತಿಳಿಯುತ್ತದೆ.

ಇಷ್ಟೆಲ್ಲ ಸಜ್ಜಾದ ಘಟಕದ ಬಾಗಿಲಿಗೆ ಕೂಸು ಬಂದು ಮುಟ್ಟುವುದು ಹೇಗೆ? ನನ್ನದು ಕೊಪ್ಪಳ ಸೀಮೆಯ ಒಂದು ಹಳ್ಳಿ. ಕೆಲವು ವರ್ಷಗಳ ಹಿಂದೆ ಜನವರಿಯ ರಜೆಗೆ ಹೋಗಿದ್ದಾಗ, ನೆರೆಮನೆಯ ನಾಲ್ಕು ದಿನದ ಕೂಸು ಹಾಲು ಬಿಟ್ಟಿತೆಂದು ನಸುಕಿನಲ್ಲಿ ಮೋಟರ್‌ಸೈಕಲ್ ಮೇಲೆ ಒಯ್ದರು. ಹೊಸ ಅಂ ಗಿ ತೊಡಿಸಿದ್ದರು. ತಲೆಗೆ ಏನೂ ಇರಲಿಲ್ಲ. ಮೊದಲು ಹೋದ ಆಸ್ಪತ್ರೆಯಲ್ಲಿ ಯಾರೂ ಕಂಕುಳಿಗೆ ಥರ್ಮಾಮೀಟರ್ ಇಡಲಿಲ್ಲ. ಚೀಟಿ ಬರೆದು ಇನ್ನೊಂದು ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಸೇರುವಾಗ ಅದರ ಪಾದಗಳು ಬಾವಿಯ ಕಲ್ಲಿನಂತೆ ತಣ್ಣಗಿದ್ದುವೆಂದು ಒಯ್ದವರು ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಅವರು ಬರಿಗೈಯಲ್ಲಿ ಹಿಂತಿರುಗಿದರು. ಅಂದು ಆ ಕೂಸನ್ನು ಯಾರಾದರೂ ಅಂಗಿಯೊಳಗೆ ತಮ್ಮ ಎದೆಗೆ ಕಟ್ಟಿಕೊಂಡು ಹೋಗಿದ್ದರೆ ದಾರಿಯಲ್ಲಿ ಕಾವಾದರೂ ಉಳಿಯುತ್ತಿತ್ತು. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಘಟಕಕ್ಕಿಂತ ಮೊದಲು ಮನೆಬಾಗಿಲನ್ನು ಮುಟ್ಟಬೇಕೆಂದು ವಾದಿಸಿದವರು ಗಡಚಿರೋಲಿಯ ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು. ೧೯೮೬ರಲ್ಲಿ ಅಲ್ಲಿ ನೆಲಸಿದ ಇವರು, ೧೯೯೫ರಿಂದ ಮೂವತ್ತೊಂಬತ್ತು ಹಳ್ಳಿಗಳಲ್ಲಿ ಸಾಮಾನ್ಯ ಓದು ಬಲ್ಲ ಹೆಂಗಸರಿಗೆ ತರಬೇತಿ ಕೊಟ್ಟು, ಮನೆಮನೆಗೂ ಹೋಗಿ ಕೂಸನ್ನು ತೂಗುವುದು, ಬೆಚ್ಚಗಿಡುವುದು, ಉಸಿರು ಎಣಿಸುವುದು, ನಂಜಿನ ಲಕ್ಷಣ ಕಂಡರೆ ಔಷಧಿ ಕೊಡುವುದು ಇವುಗಳನ್ನು ಕಲಿಸಿದರು. ಸಾವಿರಕ್ಕೆ ೬೨ ಇದ್ದ ನವಜಾತ ಶಿಶುಗಳ ಸಾವು ಮೂರನೆಯ ವರ್ಷಕ್ಕೆ ೨೬ರ ಒಳಗೆ ಇಳಿಯಿತು. ೧೯೯೯ರಲ್ಲಿ ಅದನ್ನು ಪ್ರಕಟಿಸಿದಾಗ ಜಗತ್ತೇ ಬೆರಗಾಯಿತು. ಇಂದು ಹಳ್ಳಿಯ ಆಶಾ ಕಾರ್ಯಕರ್ತೆ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ ೩, ೭, ೧೪, ೨೧, ೨೮, ೪೨ನೆಯ ದಿನಗಳಂದು ಬರುವುದು ಈ ಪ್ರಯೋಗದ ಫಲವೇ. ಮನೆಯೋ ಆಸ್ಪತ್ರೆಯೋ ಎಂದು ಪಕ್ಷ ಕಟ್ಟಿ ವಾದಿಸುವವರು ಈಗಲೂ ಉಂಟು. ನನಗೆ ಅದು ಹುರುಳಿಲ್ಲದ ಜಗಳವೆಂದು ತೋರುತ್ತದೆ. ಉಸಿರು ಕಟ್ಟಿದ ಕೂಸಿಗೆ ಮನೆಯಲ್ಲಿ ಗುಳುಗುಳಿಸುವ ಸೀಸೆಯಿಲ್ಲ. ಮನೆಯಲ್ಲಿ ಗುರುತಿಸುವವರಿಲ್ಲದಿದ್ದರೆ ಆಸ್ಪತ್ರೆಯ ಸೀಸೆ ಖಾಲಿ ಹಾಸಿಗೆಯ ಪಕ್ಕದಲ್ಲಿರುತ್ತದೆ.

ಈಗ ತಾಯಿಯ ಮಂಚದ ಪ್ರಶ್ನೆ. ಬಹುಕಾಲ ಇಂಥ ಘಟಕಗಳಲ್ಲಿ ತಾಯಿಗೆ ಪ್ರವೇಶವಿರಲಿಲ್ಲ. ಅವಳು ನಂಜನ್ನು ಹೊತ್ತು ತರುತ್ತಾಳೆಂಬ ಭಯ. ಕೂಸು ಗಾಜಿನಾಚೆ, ತಾಯಿ ಓಣಿಯ ನೆಲದ ಮೇಲೆ. ೧೯೭೮ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ, ಬಡವರ ಹೆರಿಗೆ ಆಸ್ಪತ್ರೆಯೊಂದರಲ್ಲಿ, ಕಾವುಪೆಟ್ಟಿಗೆಗಳು ಸಾಲದೆ ಒಂದರಲ್ಲಿ ಎರಡು ಮೂರು ಕೂಸುಗಳನ್ನು ಮಲಗಿಸಬೇಕಾಗಿ, ಒಂದರ ನಂಜು ಇನ್ನೊಂದಕ್ಕೆ ಹರಡುತ್ತಿತ್ತು. ಆಗ ಡಾ. ಎಡ್ಗರ್ ರೇ ಎಂಬುವರು ಕೂಸನ್ನು ತಾಯಿಯ ಬರಿ ಎದೆಯ ಮೇಲೆ, ಚರ್ಮಕ್ಕೆ ಚರ್ಮ ತಾಗುವಂತೆ, ನೆಟ್ಟಗೆ ಕಟ್ಟಿ ಇರಿಸಿದರು. ಕಾಂಗರೂ ತನ್ನ ಮರಿಯನ್ನು ಚೀಲದಲ್ಲಿ ಹೊರುವುದನ್ನು ನೆನಪಿಸುವ ಕಾರಣ ಇದಕ್ಕೆ ಕಾಂಗರೂ ಆರೈಕೆ ಎಂದು ಹೆಸರಾಯಿತು. ತಾಯಿಯ ಎದೆ ಕೆಡುವ ಯಂತ್ರವಲ್ಲ, ಅದಕ್ಕೆ ತಂತಿಯಿಲ್ಲ, ಡೀಸೆಲ್ ಬೇಡ. ಹಾಲೂ ಅಲ್ಲಿಯೇ. ತಾಯಿ ದಣಿದಾಗ ತಂದೆಯೂ ಅಜ್ಜಿಯೂ ಹೊರಬಹುದು. ಇಷ್ಟಾದರೂ ವೈದ್ಯಲೋಕ ಅದನ್ನು ಬಹುಕಾಲ ಬಡವರ ಪಾಲಿನ ಬದಲಿ ಏರ್ಪಾಡೆಂದೇ ಎಣಿಸಿತು. ಕೂಸು ಯಂತ್ರದಲ್ಲಿ ಚೇತರಿಸಿಕೊಂಡ ಮೇಲೆ ತಾಯಿಗೆ ಕೊಡುವುದೆಂಬ ಕ್ರಮವಿತ್ತು.

ಆ ಎಣಿಕೆಯನ್ನು ಬುಡಮೇಲು ಮಾಡಿದ್ದು ೨೦೨೧ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ. ಘಾನಾ, ಮಲಾವಿ, ನೈಜೀರಿಯಾ, ಟಾಂಜಾನಿಯಾ ದೇಶಗಳಲ್ಲಿಯೂ ನಮ್ಮ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿಯೂ ಒಂದು ಕಿಲೋಗ್ರಾಂನಿಂದ ೧.೮ ಕಿಲೋಗ್ರಾಂ ಒಳಗಿನ ಮೂರು ಸಾವಿರಕ್ಕೂ ಹೆಚ್ಚು ಕೂಸುಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹಳೆಯ ಕ್ರಮ. ಇನ್ನೊಂದಕ್ಕೆ ಹುಟ್ಟಿದ ಒಡನೆಯೇ, ಚೇತರಿಕೆಗೆ ಕಾಯದೆ, ತಾಯಿಯ ಎದೆ. ಹಳೆಯ ಕ್ರಮದಲ್ಲಿ ೨೮ ದಿನಗಳೊಳಗೆ ನೂರಕ್ಕೆ ೧೫.೭ ಕೂಸುಗಳು ಸತ್ತರೆ, ಹೊಸ ಕ್ರಮದಲ್ಲಿ ೧೨. ನಾಲ್ಕರಲ್ಲೊಂದು ಸಾವು ತಪ್ಪಿತು. ಈ ಅಂತರವನ್ನು ಕಂಡ ಮೇಲೆ ಅಧ್ಯಯನವನ್ನು ಮುಂದುವರಿಸುವುದು ಅನ್ಯಾಯವೆಂದು ನಡುವೆಯೇ ನಿಲ್ಲಿಸಿಬಿಟ್ಟರು. ಆದರೆ ಇದನ್ನು ನಡೆಸಲು ಕಟ್ಟಡವನ್ನೇ ಬದಲಿಸಬೇಕಾಯಿತು. ಕೂಸಿನ ಹಾಸಿಗೆಯ ಬದಿಯಲ್ಲಿ ತಾಯಿಯ ಮಂಚ, ಅವಳಿಗೆ ಬಾಣಂತಿಯ ಚಿಕಿತ್ಸೆ, ಸ್ನಾನ, ಶೌಚ, ಊಟ, ಎಲ್ಲವೂ ಘಟಕದ ಒಳಗೇ. ಬಡಜಿಲ್ಲೆಯಲ್ಲಿ ಘಟಕ ಕಟ್ಟುವವರು ಮೊದಲು ಯಂತ್ರಗಳ ಪಟ್ಟಿ ಬರೆದು, ಉಳಿದ ಜಾಗದಲ್ಲಿ ತಾಯಿಯನ್ನು ಕೂರಿಸುವುದನ್ನು ಬಿಟ್ಟು, ಮಂಚವನ್ನು ಮೊದಲು ಗುರುತಿಸಿ ಅದರ ಸುತ್ತ ಯಂತ್ರಗಳನ್ನು ಜೋಡಿಸಬೇಕು. ಇದೇ ಈ ಪಾಠದಲ್ಲಿ ನಾನು ಹೇಳಬೇಕೆಂದಿದ್ದ ಮುಖ್ಯ ಮಾತು.

ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ, ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು ಮತ್ತಿತರರು ಸರಕಾರದೊಡನೆ ಕೂಡಿ, ಕಾಂಗರೂ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯವರೆಗೆ ಹಬ್ಬಿಸುವ ಕೆಲಸವನ್ನು ಕಳೆದ ದಶಕದ ಕೊನೆಯ ವರ್ಷಗಳಲ್ಲಿ ನಡೆಸಿದರು. ಅದು ಸುಲಭದ ಕೆಲಸವಲ್ಲ. ಇಪ್ಪತ್ತು ದಿನ ತಾಯಿ ಆಸ್ಪತ್ರೆಯಲ್ಲಿದ್ದರೆ ಮನೆಯಲ್ಲಿ ಉಳಿದ ಮಕ್ಕಳಿಗೆ ರೊಟ್ಟಿ ಬಡಿಯುವವರು ಯಾರು? ಜೊತೆಗೆ ಕೂರುವ ಅತ್ತೆಯ ಕೂಲಿ ತಪ್ಪಿತಲ್ಲ? ಹೀಗಾಗಿ ತಾಯಿಯ ಮಂಚವೆಂದರೆ ಕಬ್ಬಿಣದ ನಾಲ್ಕು ಕಾಲುಗಳಷ್ಟೇ ಅಲ್ಲ. ಅದರ ಜೊತೆಗೆ ಅಡುಗೆಮನೆಯೊಂದು, ಕಾವಲಿರುವ ಮುದುಕಿಗೆ ಮಲಗಲು ಒಂದು ಚಾಪೆ, ಊರಿಗೆ ಹೋಗಿಬರಲು ಬಸ್ಸಿನ ದುಡ್ಡು ಇವೂ ಘಟಕದ ಲೆಕ್ಕಪುಸ್ತಕದಲ್ಲಿ ಸೇರಬೇಕು. ತಾಯಿಗೆ ಹಾಲು ಬಾರದಿದ್ದರೆ ಇತರ ತಾಯಂದಿರ ಹಾಲನ್ನು ಸಂಗ್ರಹಿಸಿ ಕೊಡುವ ಭಂಡಾರಗಳೂ ಉಂಟು. ಏಷ್ಯದಲ್ಲೇ ಮೊದಲನೆಯದೆಂದು ಹೆಸರಾದದ್ದು, ೧೯೮೯ರಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅವರು ಆರಂಭಿಸಿದ್ದು, ಇಲ್ಲಿಯೇ ಸಯನ್ ಆಸ್ಪತ್ರೆಯಲ್ಲಿದೆ.

ಕೊನೆಯದಾಗಿ ಕಣ್ಣಿನ ವಿಚಾರ. ಆಮ್ಲಜನಕದಿಂದ ಕೆಡುವ ಕಣ್ಣಿನ ರೋಗವನ್ನು ಬೇಗ ಗುರುತಿಸಿದರೆ ಲೇಸರ್ ಚಿಕಿತ್ಸೆಯಿಂದ ದೃಷ್ಟಿಯನ್ನು ಉಳಿಸಬಹುದು. ಎರಡು ಕಿಲೋಗ್ರಾಂಗಿಂತ ಕಡಿಮೆ ತೂಕದ ಕೂಸಿಗೆಲ್ಲ ಹುಟ್ಟಿದ ಮೂವತ್ತು ದಿನಗಳೊಳಗೆ ಈ ಪರೀಕ್ಷೆಯಾಗಬೇಕು. ಜಿಲ್ಲೆಗಳಲ್ಲಿ ಅದನ್ನು ಬಲ್ಲ ನೇತ್ರತಜ್ಞರು ಎಲ್ಲಿ? ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ ವಿಣೇಕರ ಅವರು ೨೦೦೮ರಲ್ಲಿ ಆರಂಭಿಸಿದ ಯೋಜನೆಯಲ್ಲಿ, ತರಬೇತಿ ಪಡೆದ ತಂತ್ರಜ್ಞರು ವಿಶೇಷ ಕ್ಯಾಮೆರಾವನ್ನು ವಾಹನದಲ್ಲಿಟ್ಟುಕೊಂಡು ಗೊತ್ತುಪಡಿಸಿದ ದಿನಗಳಂದು ಜಿಲ್ಲೆಗಳ ಘಟಕಗಳಿಗೆ ಹೋಗಿ, ಕೂಸಿನ ಕಣ್ಣೊಳಗಿನ ಚಿತ್ರ ತೆಗೆದು ಅಂತರ್ಜಾಲದ ಮೂಲಕ ತಜ್ಞರಿಗೆ ಕಳಿಸುತ್ತಾರೆ. ಆದರೆ ವಾಹನ ಬರುವ ದಿನಕ್ಕೆ ಕೂಸೇ ಜಿಲ್ಲೆಯಲ್ಲಿಲ್ಲದಿದ್ದರೆ? ತವರಿನಲ್ಲಿ ಹೆತ್ತ ಹೆಣ್ಣುಮಗಳು ಗಂಡನ ಬಳಿಗೆಂದು ಮುಂಬಯಿಯ ರೈಲು ಹತ್ತಿರುತ್ತಾಳೆ. ಅವಳ ಚೀಲದಲ್ಲಿ ಕನ್ನಡದ ತಾಯಿ ಕಾರ್ಡು ಇರುತ್ತದೆ, ಆಸ್ಪತ್ರೆಯವರು ಕೊಟ್ಟ ಬಿಡುಗಡೆಯ ಚೀಟಿ ಇರುತ್ತದೆ. ಓದಬಲ್ಲವರು ಆ ಮನೆಯಲ್ಲಿ ಎಷ್ಟೋ ಸಲ ನೀವೊಬ್ಬರೇ. ಹಾಗೆ ನಿಮ್ಮ ಮನೆಗೆ ಎಳೆಗೂಸು ಬಂದರೆ ಆ ಕಾಗದಗಳನ್ನು ಕೇಳಿ ಇಸಿದುಕೊಳ್ಳಿರಿ. ಹುಟ್ಟಿದಾಗಿನ ತೂಕ ಎಷ್ಟೆಂದು ನೋಡಿರಿ. ಎರಡು ಕಿಲೋಗ್ರಾಂಗಿಂತ ಕಡಿಮೆಯಿದ್ದರೆ, ಕಣ್ಣಿನ ಪರೀಕ್ಷೆಯ ತಾರೀಖನ್ನು ಹುಡುಕಿರಿ. ಬರೆದಿರದಿದ್ದರೆ ಹುಟ್ಟಿದ ದಿನದಿಂದ ಮೂವತ್ತನ್ನು ಬೆರಳೆಣಿಸಿ, ಆ ದಿನ ದಾಟುವುದರೊಳಗೆ ಕೂಸನ್ನೂ ಚೀಟಿಯನ್ನೂ ಇಲ್ಲಿಯ ದೊಡ್ಡ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಒಯ್ಯುವಂತೆ ಹಿರಿಯರಿಗೆ ಓದಿ ಹೇಳಿರಿ.